ತಿಗನಾರೆಯ ಮೀಟರ್ ಪೆಟ್ಟಿಗೆ

ಶಿವರಾತ್ರಿಗೆ ಇನ್ನೂ ನಾಲ್ಕು ದಿನ.
ಚಳಿ ಇನ್ನೂ ಶಿವಶಿವ ಅಂದಿಲ್ಲ,
ಮಫ್ಲರು ಸಡಿಲಿಸಿದರೆ ಕಿವಿಗೆ ದಿಂಬಂ ಘಾಟಿಯ ಗಾಳಿ.
ತಾಳವಾಡಿಯ ಆಫೀಸಿನಲ್ಲಿ ಸಹಿ ಹಾಕಿ
ಸ್ಕೂಟಿ ಹತ್ತಿದಾಗ ಏಳೂಮುಕ್ಕಾಲು.

ಎರಡು ತಿಂಗಳಿಗೊಮ್ಮೆ ಬರುವವಳು ನಾನು.
ಊರು ನನಗೆ ತುಂಡುತುಂಡಾಗಿ ಸಿಗುತ್ತದೆ:
ಹೋದ ಸಲ ಗಬ್ಬವಾಗಿದ್ದ ಹಸು
ಈ ಸಲ ಕರು ನೆಕ್ಕುತ್ತಿರುತ್ತದೆ,
ಹೋದ ಸಲ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ನಡುವೆ
ಈ ಸಲ ಒಂದು ಗೋಡೆ, ಹೊಸ ಕನೆಕ್ಷನ್ನು.
ನಡುವೆ ನಡೆದದ್ದು ನನಗೆ ಗೊತ್ತಾಗುವುದಿಲ್ಲ.
ಇಂದಿನದರಲ್ಲಿ ಅಂದಿನದು ಕಳೆದು
ಉಳಿದದ್ದಷ್ಟೇ ಲೆಕ್ಕ.

ಡೈರಿಯ ಕೊನೆಯ ಹಾಳೆಯಲ್ಲಿ ಮಾತ್ರ
ವರ್ಷಕ್ಕೊಂದು ಸಾಲು ನನ್ನದು:
ಮೊದಲ ಚಿಟ್ಟೆ, ಎಲ್ಲಿ, ಎಷ್ಟು ಹೊತ್ತಿಗೆ.
ಹೋದ ವರ್ಷ ಇಗ್ಗಲೂರು, ರೇಷನ್ ಅಂಗಡಿಯ ಮುಂದೆ.
ಅದರ ಹಿಂದಿನ ವರ್ಷ ಬರೀ ಗೆರೆ.
ಆ ತಿಂಗಳು ಈರೋಡಿನ ಆಸ್ಪತ್ರೆಯ ಕಿಟಕಿಯಲ್ಲಿ
ಪಾರಿವಾಳ ಎಣಿಸುತ್ತಿದ್ದೆ.

ಧನುರ್ಮಾಸದ ರೀಡಿಂಗಿನಲ್ಲಿ
ಜಡೆತಾಯಿಯ ಮನೆಯ ಪೆಟ್ಟಿಗೆ ತೆರೆದರೆ
ಒಳಗೆ, ತಂತಿಯ ಪಕ್ಕದಲ್ಲಿ, ಅಂಟಿಕೊಂಡಿತ್ತು
ಒಣಗಿದೆಲೆಯ ಬಣ್ಣದ್ದು, ಕಿರುಬೆರಳಿನ ಅರ್ಧದಷ್ಟು.
ಬಾಲ ಕೆಳಗೆ ಊರಿ,
ಸೊಂಟಕ್ಕೊಂದು ಎಳೆ ದಾರ ಬಳಸಿ,
ಬೆನ್ನು ಹಿಂದಕ್ಕೆ ಚೆಲ್ಲಿ,
ಥೇಟು ನಮ್ಮ ಲೈನ್‌ಮನ್ ರಾಚಯ್ಯ
ಕಂಬದ ಮೇಲೆ ಬೆಲ್ಟಿಗೆ ಒರಗಿದ ಹಾಗೆ.

ರಾಚಯ್ಯ ಹೇಳುತ್ತಿರುತ್ತಾನೆ:
ಹತ್ತೋದು ಕಷ್ಟ ಅಲ್ಲ ಕನಕ್ಕ,
ಎರಡು ಕೈನೂ ಬಿಟ್ಟು ಬೆಲ್ಟಿಗೆ ಮೈ ಕೊಡೋದು ಅದಲ್ಲ,
ಅದು.

ಜಡೆತಾಯಿಯ ಮಗ ಕೆರೆದು ಹಾಕಲು ಕಡ್ಡಿ ತಂದ.
ನಾನು ಆಫೀಸಿನ ದನಿ ತೆಗೆದೆ:
ಮಂಡಳಿಯ ಪೆಟ್ಟಿಗೆ. ಒಳಗಿರೋದನ್ನ ಮುಟ್ಟಿದ್ರೆ ಫೈನು.
ಸುಳ್ಳೇನಲ್ಲ ಅದು. ಪೂರ್ತಿ ನಿಜವೂ ಅಲ್ಲ.
ಹುಡುಗ ಕಡ್ಡಿ ಎಸೆದ. ನಾನು ಕಾರ್ಡಿನಲ್ಲಿ
ನಾಲ್ಕು ಸಾವಿರದ ನೂರಿಪ್ಪತ್ತೇಳು ಬರೆದು
ಮುಚ್ಚಳ ಹಾಕಿದೆ.

ಇವತ್ತು ದಾರಿಯುದ್ದಕ್ಕೂ ನೋಡುತ್ತಲೇ ಬಂದೆ.
ಹೊಂಗೆಯ ಚಿಗುರಿಗೆ ಎಣ್ಣೆ ಸವರಿದ ಹೊಳಪು,
ಆನೆ ಸೀಳಿದ ಬಾಳೆಯ ಮೇಲೆ ನೊಣ,
ಎಲ್ಲೋ ಅರಿಶಿನ ಬೇಯುವ ಘಮ.
ಬೇಲಿಯಲ್ಲಿ ಹಳದಿಯೊಂದು ಪಟಪಟಿಸಿತೆಂದು ಬ್ರೇಕು ಹಿಡಿದರೆ
ಶಾಂಪೂ ಚೀಟಿ.
ಚಿಟ್ಟೆ ಇಲ್ಲ. ಒಂದೂ.

ಜಡೆತಾಯಿಯ ಮನೆ ಎಪ್ಪತ್ತಮೂರನೆಯದು.
ಮುಚ್ಚಳ ಎಂದಿಗಿಂತ ಮೆಲ್ಲಗೆ ತೆಗೆದೆ.
ದಾರ ಇತ್ತು. ಬಾಲದ ಅಂಟು ಇತ್ತು.
ಬೆನ್ನು ಸೀಳಿ, ಒಳಗೆಲ್ಲ
ಬೆಳಕು ಹಾಯುವಷ್ಟು ಖಾಲಿ.
ಪೆಟ್ಟಿಗೆಯ ಮೂಲೆ ತುಕ್ಕು ತಿಂದು ಮೂರು ಬೆರಳಿನ ಕಿಂಡಿ.
ಬದಲಾಯಿಸಿ ಎಂದು ಎರಡು ವರ್ಷದಿಂದ ಬರೆಯುತ್ತಿದ್ದವಳು ನಾನೇ.
ಕಿವಿಗೆ ಹಾಕಿಕೊಳ್ಳದವರಿಗೆ ಒಳ್ಳೆಯದಾಗಲಿ.

ನಾಲ್ಕು ಸಾವಿರದ ಇನ್ನೂರ ಹತ್ತು ಎಂದು ಬರೆಯುತ್ತಿರುವಾಗ
ಕರಿಬೇವಿನ ಗಿಡ ಅಲುಗಿತು.
ಕಪ್ಪಿನ ಮೇಲೆ ಬೆಣ್ಣೆ ಬಣ್ಣದ ಚೌಕಳಿ,
ಹಿಂದುಗಡೆ ಎರಡು ಕೆಂಪು ಬೊಟ್ಟು.
ಇಲ್ಲಿಂದ ಹೋದದ್ದೋ, ಬೇರೆ ಕಡೆಯದೋ,
ಕಾರ್ಡು ತೋರಿಸು ಅನ್ನಲಾಗುತ್ತದೆಯೆ.
ಒಂದು ಎಲೆ ಮುಟ್ಟಿ, ಕಾಲಲ್ಲೇ ರುಚಿ ನೋಡಿ, ಬಿಟ್ಟಿತು.
ಇನ್ನೊಂದು. ಅದನ್ನೂ ಬಿಟ್ಟಿತು.
ಮೂರನೆಯದಕ್ಕೆ ಮೈ ಬಾಗಿಸಿ
ಸಾಸಿವೆಗಿಂತ ಸಣ್ಣದೊಂದು ಇಟ್ಟು
ಮುಂದಿನ ಮನೆಗೆ ಹೊರಟಿತು,
ಕೆಲಸ ಬಾಕಿ ಇದ್ದವರ ಹಾಗೆ.

ಎಷ್ಟ್ ಬಂದದಕ್ಕ? ಒಳಗಿಂದ ಜಡೆತಾಯಿ.
ಒಂದು, ಅಂದುಬಿಟ್ಟೆ.
ಒಂದಾ?
ಅಯ್ಯೋ, ಇಲ್ಲ ಕನವ್ವ, ಎಂಬತ್ತಮೂರು.
ನೂರರ ಒಳಗೇ ಅದೆ.
ಕಟ್ಟೋಂಗಿಲ್ಲ, ಪುಕ್ಕಟೆ.